ತೊಂಬತ್ತೆಂಟರಲ್ಲೂ ಓಡಬೇಕು ಸ್ವಾಮಿ!

ಗುಜರಾತಿಯಲ್ಲಿ ‘ಚಾಲಶೇ’ ಅಂತ ಒಂದು ಪದ ಇದೆ. ಇಲ್ಲಿಗೆ ಬಂದ ಹೊಸದರಲ್ಲಿ ನಾವು ಹೊರಗಿನವರು ಮೊದಲು ಕಲಿಯೋ ನಾಲ್ಕೈದು ಪದಗಳಲ್ಲಿ ಇದೂ ಒಂದು. ನಮ್ಮ ‘ನಡೆಯತ್ತೆ ಬಿಡಿ’ಗೆ ಹತ್ತಿರ, ಆದರೆ ಅದರಷ್ಟು ಸೋಮಾರಿ ಪದ ಅಲ್ಲ. ಕೆಲಸ ಮಾಡ್ತಾ ಇರೋ ವಸ್ತುವಿನ ಮೇಲೆ ಮತ್ತೆ ದುಡ್ಡು ಹಾಕಬೇಡ ಅನ್ನೋ ವ್ಯಾಪಾರದ ಲೆಕ್ಕವೂ ಅದರೊಳಗೆ ಅಡಗಿದೆ. ಅಹಮದಾಬಾದಿನ ರಿಲೀಫ್ ರೋಡಿನಲ್ಲಿ, ಸೂರತ್‌ನ ರಿಂಗ್ ರೋಡಿನ ಜವಳಿ ಮಾರ್ಕೆಟ್ಟುಗಳಲ್ಲಿ ಹಳೇ ಕಂಪ್ಯೂಟರ್ ತೋರಿಸಿ ‘ಇದನ್ನು ಬದಲಾಯಿಸಬಾರದಾ ಭಾಯಿ?’ ಅಂದರೆ ಸಿಗೋ ಉತ್ತರ ಒಂದೇ: ‘ಚಾಲೇ ಛೇ ನೇ? ತೋ ಬದಲವಾನುಂ ಶುಂ ಕಾಮ?’ ನಡೀತಿದೆಯಲ್ಲ, ಬದಲಾಯಿಸೋದ್ಯಾಕೆ?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅಂಗಡಿಯವನೂ ಅಲ್ಲ, ಕಂಪ್ಯೂಟರ್ ಮಾರಿದವನೂ ಅಲ್ಲ. ಎಲ್ಲೋ ದೂರದಲ್ಲಿ, ಬೆಂಗಳೂರಿನಲ್ಲೋ ಪುಣೆಯಲ್ಲೋ ಅಮೆರಿಕಾದಲ್ಲೋ ಕೂತು ತಂತ್ರಾಂಶದ ಸೆಟಪ್ ಕಟ್ಟುತ್ತಿದ್ದ ಮನುಷ್ಯ. ತನ್ನ ಪ್ರೋಗ್ರಾಮ್ ಯಾವ ವಿಂಡೋಸಿನವರೆಗೆ ಹಿಂದಕ್ಕೆ ಹೋಗಿ ಓಡಬೇಕು ಅಂತ ಅವನು ಒಂದು ಗೆರೆ ಎಳೀತಾನೆ. ಆ ಗೆರೆಯ ಈಚೆಗೆ ಇರುವವರು ಒಳಗೆ, ಆಚೆಗಿನವರು ಹೊರಗೆ. ಕಂಪ್ಯೂಟರ್ ಚರಿತ್ರೆ ಬರೆಯುವವರು ಹೊಸ ವಿಂಡೋಸ್ ಯಾವಾಗ ಬಂತು ಅಂತ ಬರೀತಾರೆ. ಹಳೆಯದರಲ್ಲೇ ಉಳಿದವರ ಕಥೆ ಬರೆಯೋರು ಕಡಿಮೆ. ಈ ಮೂರು ಊರುಗಳಲ್ಲಿ ಓಡಾಡಿಕೊಂಡಿರುವ ನನಗೆ ಕಂಡಂತೆ, ಗುಜರಾತಿನ ಪೇಟೆಗೆ ಕಂಪ್ಯೂಟರ್ ಇಳಿದದ್ದು, ಅದರ ಜೊತೆಗೆ ನಮ್ಮಂಥವರ ಮನೆಗೆ ಕನ್ನಡ ಬಂದದ್ದು, ಎರಡೂ ಈ ಗೆರೆಯನ್ನು ಸಾಧ್ಯವಾದಷ್ಟು ಹಿಂದಕ್ಕೆ ತಳ್ಳಿದವರಿಂದ.

ಸೆಟಪ್ ಅಂದರೇನು ಅಂತ ಊರು ಬಿಟ್ಟು ಬಂದ ನಮಗೆ ಹೇಳಿಕೊಡಬೇಕಾಗಿಲ್ಲ. ಮನೆ ಬದಲಾಯಿಸೋದು ಅಷ್ಟೇ. ಪ್ರೋಗ್ರಾಮ್ ಎನ್ನೋ ಸಂಸಾರ ಗುರುತಿಲ್ಲದ ಮನೆಗೆ ಬರುತ್ತೆ. ಪಾತ್ರೆ ಪಡಗ ಎಲ್ಲಿಡಬೇಕು, ನಲ್ಲಿಯಲ್ಲಿ ನೀರು ಬರುತ್ತಾ, ಒಲೆ ಇದೆಯಾ ಅಂತ ನೋಡಬೇಕು. ಇಲ್ಲದ್ದನ್ನು ತಾನೇ ಹೊತ್ತು ತರಬೇಕು. ಮನೆ ಹಳೆಯದಾದಷ್ಟೂ ಹೊತ್ತು ತರೋ ಗಂಟು ದೊಡ್ಡದು.

ಡಾಸ್ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಟ್ಯಾಲಿಯ ವಿಷಯವನ್ನೇ ತಗೊಳ್ಳಿ. ಗುಜರಾತಿಗಳಲ್ಲಿ ಎಷ್ಟೋ ಜನ ಅದನ್ನು ತಮ್ಮದೇ ಅಂದುಕೊಂಡಿದ್ದಾರೆ, ಆದರೆ ಅದು ಹುಟ್ಟಿದ್ದು ಬೆಂಗಳೂರಿನಲ್ಲಿ. ಶ್ಯಾಮಸುಂದರ್ ಗೋಯೆಂಕಾ ಜವಳಿ ಗಿರಣಿಗಳಿಗೆ, ಕಾರ್ಖಾನೆಗಳಿಗೆ ಕಚ್ಚಾ ಸಾಮಾನು, ಯಂತ್ರದ ಬಿಡಿಭಾಗ ಸರಬರಾಜು ಮಾಡುತ್ತಿದ್ದವರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದೆ, ಗಣಿತ ಓದಿದ ಮಗ ಭರತ್ ಗೋಯೆಂಕಾಗೆ ‘ನೀನೇ ಒಂದು ಮಾಡಿಕೊಡು’ ಅಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಕಂಪನಿ ಶುರುವಾಯಿತು, 1999ರಲ್ಲಿ ಅದು ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಭರತ್ ಗೋಯೆಂಕಾಗೆ 2020ರಲ್ಲಿ ಪದ್ಮಶ್ರೀ ಬಂತು. ಮೊದಲ ಟ್ಯಾಲಿ ಡಾಸ್ ಮೇಲೆ ಓಡುತ್ತಿತ್ತು. ಲೆಕ್ಕದ ಸಂಕೇತಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಖಾತೆಯ ಹೆಸರನ್ನೇ ಬರೆದರೆ ಸಾಕು ಅನ್ನೋದು ಅದರ ಹೆಚ್ಚುಗಾರಿಕೆ. ಅಹಮದಾಬಾದಿನ ಮೆಹತಾಜಿಗಳಿಗೆ, ಅಂದರೆ ನಮ್ಮ ಕಡೆ ಕಿರ್ದಿ ಬರೆಯೋ ಗುಮಾಸ್ತರಿಗೆ, ಕೆಂಪು ಬಟ್ಟೆಯ ಚೋಪಡಾ ಬಿಟ್ಟು ಕೀಬೋರ್ಡಿಗೆ ಬರೋದು ಇದರಿಂದ ಸುಲಭವಾಯಿತು.

ಟ್ಯಾಲಿ ಬಿಟ್ಟರೆ ಆ ಕಾಲದಲ್ಲಿ ಊರೂರಿನ ಹುಡುಗರು ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಮುಗಳು. ಸಾರಿ ಅಂಗಡಿಗೊಂದು, ಔಷಧಿ ಅಂಗಡಿಗೊಂದು, ನಮ್ಮ ದಕ್ಷಿಣ ಕನ್ನಡದವರ ಹೋಟೆಲಿನ ಗಲ್ಲಾಕ್ಕೊಂದು. ಇವಕ್ಕೆ ಸೆಟಪ್ ಅಂತಲೇ ಇರಲಿಲ್ಲ. ಫ್ಲಾಪಿ ಹಾಕು, ಒಂದು ಡೈರೆಕ್ಟರಿ ಮಾಡು, ಕಾಪಿ ಮಾಡು, ಮುಗೀತು. ಹಾಳಾದರೆ ಮತ್ತೆ ಕಾಪಿ ಮಾಡು. ಎಷ್ಟು ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತೆ.

ಗೊಂದಲ ಶುರುವಾಗಿದ್ದು ವಿಂಡೋಸ್ ಬಂದ ಮೇಲೆ. ಅದರಲ್ಲಿ ಪ್ರೋಗ್ರಾಮುಗಳು ಡಿಎಲ್‌ಎಲ್ ಅನ್ನೋ ಸಾಮಾನು ಕಡತಗಳನ್ನು ಹಂಚಿಕೊಂಡು ಬಾಳುತ್ತಿದ್ದವು. ವಠಾರದಲ್ಲಿ ಒಂದೇ ಬಚ್ಚಲುಮನೆ ಇದ್ದ ಹಾಗೆ. ಒಂದು ಸೆಟಪ್ ಬಂದು ತನಗೆ ಬೇಕಾದ ಆವೃತ್ತಿಯ ಡಿಎಲ್‌ಎಲ್ ಅನ್ನು ಸಿಸ್ಟಂ ಫೋಲ್ಡರಿನಲ್ಲಿ ಹಾಕಿ ಹೋದರೆ ಅಲ್ಲಿಯವರೆಗೆ ಸರಿಯಾಗಿದ್ದ ಇನ್ನೊಂದು ಪ್ರೋಗ್ರಾಮ್ ಮಕಾಡೆ ಮಲಗುತ್ತಿತ್ತು. ಫಾಕ್ಸ್‌ಪ್ರೋ ಬಿಟ್ಟ ಹುಡುಗರು ಹಿಡಿದದ್ದು ವಿಷುಯಲ್ ಬೇಸಿಕ್ 6. ಅದರಲ್ಲಿ ಬರೆದದ್ದನ್ನು ಕೊಡಬೇಕಾದರೆ ಅದರ ರನ್‌ಟೈಮ್ ಕಡತಗಳನ್ನೂ ಜೊತೆಗೆ ಕಟ್ಟಿಕೊಡಬೇಕು. ಮೈಕ್ರೋಸಾಫ್ಟ್ ವಿಷುಯಲ್ ಬೇಸಿಕ್ 6ರ ಸಲಕರಣೆಗೆ ಬೆಂಬಲ ನಿಲ್ಲಿಸಿದ್ದು 2008ರ ಏಪ್ರಿಲ್‌ನಲ್ಲಿ. ಆದರೆ ಆ ರನ್‌ಟೈಮನ್ನು ಮಾತ್ರ ವಿಂಡೋಸ್ 11ರವರೆಗೂ ಒಳಗೇ ಇಟ್ಟುಕೊಂಡು ಬಂದಿದೆ. ಜಗತ್ತಿನಲ್ಲಿ ಎಷ್ಟು ‘ಚಾಲಶೇ’ ಜನ ಇದ್ದಾರೆ ಅಂತ ಅವರಿಗೂ ಗೊತ್ತಿದ್ದಿರಬೇಕು.

ಈಗ ನಮ್ಮ ಭಾಷೆಯ ವಿಷಯಕ್ಕೆ ಬರೋಣ. ಇಲ್ಲಿ ಕನ್ನಡದ್ದೂ ಗುಜರಾತಿಯದ್ದೂ ಒಂದೇ ಹಣೆಬರಹ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ನಮ್ಮ ‘ಕ’ಗೂ ಅವರ ‘ಕ’ಗೂ ಒಂದೇ ಸಂಖ್ಯೆ, ಲಿಪಿ ಮಾತ್ರ ಬೇರೆ. ಯುನಿಕೋಡ್ ಆ ಕ್ರಮವನ್ನೇ ಅನುಸರಿಸಿದ್ದರಿಂದ ಅಲ್ಲೂ ಎರಡು ಲಿಪಿಗಳು ತಮ್ಮ ತಮ್ಮ ಸಾಲಿನಲ್ಲಿ ಒಂದೇ ಜಾಗದಲ್ಲಿ ಕೂತಿವೆ. ಆದರೆ ವಿಂಡೋಸ್ 98ಕ್ಕೆ ಇಬ್ಬರೂ ಅಪರಿಚಿತರು. ರಷ್ಯನ್, ಗ್ರೀಕ್, ಅರಬ್ಬಿ ಲಿಪಿಗಳಿಗೆ ಹಳೇ ವಿಂಡೋಸಿನಲ್ಲಿ ಕೋಡ್ ಪೇಜ್ ಅಂತ ಒಂದು ವ್ಯವಸ್ಥೆ ಇತ್ತು. ಕನ್ನಡಕ್ಕೂ ಗುಜರಾತಿಗೂ ಅಂಥದ್ದು ಯಾವತ್ತೂ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ಚೂರುಗಳನ್ನು ಕೂರಿಸಿದ ಫಾಂಟ್ ಮಾಡಿ, ಯಂತ್ರಕ್ಕೆ ತಿಳಿಯದ ಹಾಗೆ ಕನ್ನಡ ಬರೆಸಬೇಕಾಯಿತು.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಪರದೇಶದ, ಪರರಾಜ್ಯದ ಕನ್ನಡಿಗರು ಅದನ್ನು ಎರಡೂ ಕೈಲಿ ಬಾಚಿಕೊಂಡರಲ್ಲ, ಅದಕ್ಕೆ ಕಾರಣ ಬರೀ ಅದು ಪುಕ್ಕಟೆ ಅನ್ನೋದಲ್ಲ. ಹೊಸದೇನನ್ನೂ ಕೊಳ್ಳದೆ, ಮನೆಯಲ್ಲಿದ್ದ ಯಂತ್ರದಲ್ಲೇ ಅದು ಓಡುತ್ತಿತ್ತು. ಫಾಂಟು, ಕೀಲಿಮಣೆ, ಬರೆಯೋ ಹಾಳೆ, ಎಲ್ಲವನ್ನೂ ಸೆಟಪ್ಪೇ ಹೊತ್ತು ತರುತ್ತಿತ್ತು. ಮನೆಯಲ್ಲಿ ಒಲೆ ಇಲ್ಲ ಅಂತ ಗೊತ್ತಿದ್ದೇ ಒಲೆ ಸಮೇತ ಬಂದ ಅತಿಥಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಹೋದದ್ದು ಹೀಗೇ. ಕನ್ನಡ ಸಂಘಗಳ ಸ್ಮರಣ ಸಂಚಿಕೆ, ರಾಜ್ಯೋತ್ಸವದ ಕರೆಯೋಲೆ, ಊರಿಗೆ ಬರೆದ ಕಾಗದ... ಅಹಮದಾಬಾದಿನಲ್ಲಿ ಇವೆಲ್ಲ ಕನ್ನಡದಲ್ಲಿ ಮೂಡಿದ್ದು ಹೀಗೆ ಹೊತ್ತು ತಂದ ಫಾಂಟುಗಳಿಂದ.

ಆಮೇಲೆ 2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಅದಕ್ಕೂ ಹಿಂದಿನ ವಿಂಡೋಸ್ 2000ದಲ್ಲಿ ಹಿಂದಿಗೆ, ತಮಿಳಿಗೆ ಮಾತ್ರ ಫಾಂಟ್ ಇತ್ತು. ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ‘ತುಂಗಾ’, ಗುಜರಾತಿಗೆ ‘ಶ್ರುತಿ’, ಎರಡೂ ಒಟ್ಟಿಗೆ ಬಂದವು. ಕಂಪ್ಯೂಟರ್ ತಾನಾಗಿ ನಮ್ಮ ಲಿಪಿಯನ್ನು ಗುರುತಿಸಿದ್ದು ಆಗಲೇ. ಆದರೆ ಇಲ್ಲೂ ಒಂದು ಗೇಟು ಇಟ್ಟಿದ್ದರು. ಕಂಟ್ರೋಲ್ ಪ್ಯಾನಲ್‌ನ ಭಾಷೆಗಳ ಪುಟಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಚೌಕದಲ್ಲಿ ಗುರುತು ಹಾಕಬೇಕು, ಆಗ ಅದು ಎಕ್ಸ್‌ಪಿಯ ಸೀಡಿ ಕೇಳುತ್ತೆ. ನಮ್ಮಲ್ಲಿ ಬಹಳ ಜನರ ಯಂತ್ರ ರಸ್ತೆಬದಿಯ ಅಂಗಡಿಯಲ್ಲಿ ಜೋಡಿಸಿದ್ದು. ಸೀಡಿ ಎಲ್ಲಿಂದ ಬರಬೇಕು? ಆ ದಿನಗಳಲ್ಲಿ ಕನ್ನಡ ಬ್ಲಾಗ್ ಓದಿದವರಿಗೆ ನೆನಪಿರಬಹುದು, ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಿದ್ದು ‘ಅಮ್ಮ’ ಅನ್ನೋದು ‘ಅಮ್‌ಮ’ ಆಗಿ ಕಾಣುತ್ತಿತ್ತು. ಆ ಚೌಕದ ಕಾಟ ತಪ್ಪಿದ್ದು 2007ರಲ್ಲಿ ವಿಸ್ಟಾ ಬಂದ ಮೇಲೆ.

ಸೆಟಪ್ ಕಟ್ಟುವವನ ಪೀಕಲಾಟ ಈಗ ನೋಡಿ. ಎಕ್ಸ್‌ಪಿಗೆ ಯುನಿಕೋಡ್ ಪ್ರೋಗ್ರಾಮ್ ಬೇಕು. 98ಕ್ಕೆ ಅದು ಬಾರದು, ಹಳೇ ರೀತಿಯದೇ ಬೇಕು. ಮೈಕ್ರೋಸಾಫ್ಟ್ 2001ರಲ್ಲಿ ಯುನಿಕೋಡ್ ಪ್ರೋಗ್ರಾಮುಗಳು 98ರಲ್ಲೂ ಓಡಲಿ ಅಂತ ‘ಯುನಿಕೌಸ್’ ಅನ್ನೋ ಡಿಎಲ್‌ಎಲ್ ಕೊಟ್ಟಿತು. ಅದು ಪ್ರೋಗ್ರಾಮನ್ನು ಓಡಿಸುತ್ತಿತ್ತು, ಆದರೆ ಯಂತ್ರಕ್ಕೆ ಕನ್ನಡ ಕಲಿಸುತ್ತಿರಲಿಲ್ಲ. ಮೈಕ್ರೋಸಾಫ್ಟ್‌ನದೇ ಎಂಎಸ್‌ಐ ಪದ್ಧತಿಯಲ್ಲಿ ಕಟ್ಟಿದರೆ 98ಕ್ಕೆ ‘ಎ’ ಅಂತ ಒಂದು, ಎನ್‌ಟಿ ಮನೆತನಕ್ಕೆ ‘ಡಬ್ಲ್ಯೂ’ ಅಂತ ಒಂದು, ಹೀಗೆ ಎರಡು ಇನ್‌ಸ್ಟಾಲರ್ ಎಂಜಿನ್‌ಗಳನ್ನು ಜೊತೆಗೆ ಕಟ್ಟಬೇಕು. ಡಯಲಪ್ಪಿನ ಕಾಲದಲ್ಲಿ ಅದೆಲ್ಲ ಸುಮ್ಮನೆ ಭಾರ. ಡಾಟ್‌ನೆಟ್ 2.0 ಬೇಕು ಅಂದರೆ ಇಪ್ಪತ್ತೆರಡು ಎಂಬಿಯಷ್ಟು ಇಳಿಸಬೇಕು, ಒಳ್ಳೆ ಫೋನ್ ಲೈನಿನಲ್ಲೂ ಗಂಟೆ ದಾಟುತ್ತಿತ್ತು. ಹಾಗಾಗಿ ಸಣ್ಣ ತಂತ್ರಾಂಶದವರು ಹೋದದ್ದು ಪುಕ್ಕಟೆಯ ಎರಡು ಸಾಧನಗಳ ಕಡೆಗೆ. ಒಂದು ಜೋರ್ಡನ್ ರಸೆಲ್ 1997ರಲ್ಲಿ ಶುರುಮಾಡಿದ ಇನ್ನೋ ಸೆಟಪ್, ಇನ್ನೊಂದು ವಿನ್‌ಆಂಪ್ ಹಾಡಿನ ಪೆಟ್ಟಿಗೆಯನ್ನು ಹಂಚಲು ನಲ್‌ಸಾಫ್ಟ್‌ನವರು ಮಾಡಿಕೊಂಡ ಎನ್‌ಎಸ್‌ಐಎಸ್. ಈ ಎರಡನೆಯದು ಪ್ರೋಗ್ರಾಮಿಗೆ ಸೇರಿಸೋ ತನ್ನ ಸ್ವಂತ ತೂಕ ಬರೀ 34 ಕೆಬಿ. ವಿಂಡೋಸ್ 95ರಿಂದ ಹಿಡಿದು ಒಂದೇ ಕಡತ ಎಲ್ಲ ಕಡೆ ಓಡಬೇಕು ಅನ್ನೋದು ಅದರ ಹಟ. ಈ ಹಟಕ್ಕೆ ನನ್ನ ಒಂದು ನಮಸ್ಕಾರ.

ಈ ಎಲ್ಲವೂ ಗುಜರಾತಿನಲ್ಲಿ ಒಂದೇ ವರ್ಷ ಬಂದು ಡಿಕ್ಕಿ ಹೊಡೆದದ್ದು 2006ರಲ್ಲಿ.

ಏಪ್ರಿಲ್ 1ಕ್ಕೆ ಗುಜರಾತಿನಲ್ಲಿ ವ್ಯಾಟ್ ಬಂತು, ಕರ್ನಾಟಕಕ್ಕಿಂತ ಸರಿಯಾಗಿ ಒಂದು ವರ್ಷ ತಡವಾಗಿ. ಹಳೇ ಮಾರಾಟ ತೆರಿಗೆಯ ಲೆಕ್ಕ ಬಿಟ್ಟು ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆಯೋ ಹೊಸ ಲೆಕ್ಕ. ಹಳೇ ಫಾಕ್ಸ್‌ಪ್ರೋ ಪ್ರೋಗ್ರಾಮಿಗೆ ಅದು ಗೊತ್ತಿಲ್ಲ, ಬರೆದುಕೊಟ್ಟ ಹುಡುಗ ಅಷ್ಟರಲ್ಲಿ ಪುಣೆಗೋ ಬೆಂಗಳೂರಿಗೋ ಹೋಗಿಯಾಗಿದೆ. ಹೊಸ ಸೀಡಿ ತಂದು ಹಳೇ 98ರ ಯಂತ್ರಕ್ಕೆ ಹಾಕಲೇಬೇಕು. ಮೂವತ್ತೆರಡು ಎಂಬಿ ಮೆಮೊರಿಯ ಆ ಯಂತ್ರಕ್ಕೆ ಎಕ್ಸ್‌ಪಿ ಹಾಕೋಣ ಅಂದರೆ ಅದು ಕನಿಷ್ಠ ಅರವತ್ನಾಲ್ಕು ಕೇಳುತ್ತೆ. ಜುಲೈ 11ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 98ರ ಬೆಂಬಲ ಪೂರ್ತಿ ನಿಲ್ಲಿಸಿತು. ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಸೂರತ್ ಊರಿನ ಬಹುಭಾಗ ಮುಳುಗಿತು.

ಸೂರತ್‌ನ ನೆರೆಯಲ್ಲಿ ಜೀವ ಹೋದವರ ಮುಂದೆ ಕಂಪ್ಯೂಟರಿನ ಕಥೆ ಹೇಳೋದು ಸಣ್ಣ ಮಾತು ಅನ್ನಿಸಬಹುದು. ಆದರೆ ನೀರು ಇಳಿದ ಮೇಲೆ ವ್ಯಾಪಾರಿಗೆ ಮೊದಲು ಬೇಕಾಗಿದ್ದು ಬಟ್ಟೆಯ ತಾಕುಗಳಿಗಿಂತ ಬಾಕಿಯ ಲೆಕ್ಕ. ಯಾರು ಎಷ್ಟು ಕೊಡಬೇಕು? ಸೂರತ್‌ನ ಜವಳಿ ನಡೆಯೋದೇ ಉದ್ರಿಯ ಮೇಲೆ. ನೆಲಮಾಳಿಗೆ, ನೆಲಮಟ್ಟದ ಅಂಗಡಿಗಳಲ್ಲಿದ್ದ ಯಂತ್ರಗಳು ಕೆಸರು ಕುಡಿದು ಕೂತಿದ್ದವು. ಮನೆಯಲ್ಲಿಟ್ಟಿದ್ದ ಫ್ಲಾಪಿ, ಸೀಡಿಯಲ್ಲಿ ಲೆಕ್ಕದ ನಕಲು ಇದ್ದವರು ಬಚಾವ್. ಆ ಲೆಕ್ಕ ತೆರೆಯೋದಕ್ಕೆ ಅದೇ ಹಳೇ ಪ್ರೋಗ್ರಾಮು ಬೇಕು, ಆ ಪ್ರೋಗ್ರಾಮಿಗೆ ಸೆಟಪ್ ಬೇಕು, ಸೆಟಪ್ಪಿಗೆ ಅದು ಒಪ್ಪೋ ವಿಂಡೋಸ್ ಬೇಕು. ಹೊಸ ಯಂತ್ರಗಳು ಬರುತ್ತಿದ್ದದ್ದು ಎಕ್ಸ್‌ಪಿಯಲ್ಲಿ. ಹಳೇ ಸೀಡಿಯ ಸೆಟಪ್ ಹಿಂದಕ್ಕಷ್ಟೇ ಅಲ್ಲ, ಮುಂದಕ್ಕೂ ಓಡುತ್ತಾ ಅನ್ನೋ ಪರೀಕ್ಷೆ ಆಗ ನಡೆಯಿತು. ಟ್ಯಾಲಿಯವರ ಲೆಕ್ಕ ಒಂದು ಫೋಲ್ಡರಿನಲ್ಲಿ, ಅದು ಎಲ್ಲಿದೆ ಅನ್ನೋ ವಿಳಾಸ ಒಂದು ಸಣ್ಣ ಐಎನ್‌ಐ ಕಡತದಲ್ಲಿ. ಫೋಲ್ಡರ್ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ವಿಂಡೋಸಿನ ರಿಜಿಸ್ಟ್ರಿಯಲ್ಲಿ ಅದೂ ಇದೂ ಬರೆದಿಟ್ಟ ಪ್ರೋಗ್ರಾಮುಗಳನ್ನು ಎಬ್ಬಿಸೋದು ಅಷ್ಟು ಸುಲಭ ಇರಲಿಲ್ಲ.

ಸೆಟಪ್ಪುಗಳ ಒಂದು ಕೆಟ್ಟ ಬುದ್ಧಿ ಹೇಳಲೇಬೇಕು. ಬಹಳ ಸಲ ಪ್ರೋಗ್ರಾಮ್ ಓಡುತ್ತೆ, ಸೆಟಪ್ ಬಿಡಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡದ ಹಾಗೆ. ತೊಂಬತ್ತರ ದಶಕದ ಎಷ್ಟೋ ಪ್ರೋಗ್ರಾಮುಗಳು 32 ಬಿಟ್ಟಿನವು, ಆದರೆ ಅವುಗಳ ಸೆಟಪ್ ಮಾತ್ರ 16 ಬಿಟ್. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಓಡೋದಿಲ್ಲ. ಮನೆ ಗಟ್ಟಿಯಾಗಿದೆ, ಬಾಗಿಲಿಗೆ ತುಕ್ಕು. ಕೆಲವು ಹೆಸರಾಂತ ಹಳೇ ಇನ್‌ಸ್ಟಾಲ್‌ಶೀಲ್ಡ್ ಎಂಜಿನ್‌ಗಳನ್ನು ಗುರುತಿಸಿ ಬದಲಿ ಎಂಜಿನ್ ಹಾಕಿಕೊಳ್ಳೋ ವ್ಯವಸ್ಥೆಯನ್ನು ವಿಂಡೋಸ್ ಒಳಗೇ ಇಟ್ಟಿದ್ದಾರೆ. ಇನ್ನು ಆವೃತ್ತಿ ಸಂಖ್ಯೆ ನೋಡಿ ತಿರಸ್ಕರಿಸೋ ಸೆಟಪ್ಪುಗಳ ಕಾಟ ತಡೆಯಲಾರದೆ ವಿಂಡೋಸ್ 7 ಒಳಗೊಳಗೆ ತನ್ನನ್ನು 6.1 ಅಂತ ಕರೆದುಕೊಂಡಿತು. 8.1ರಿಂದ ಈಚೆಗಂತೂ, ಹೊಸ ಆವೃತ್ತಿ ತನಗೆ ಗೊತ್ತು ಅಂತ ಬರೆದುಕೊಡದ ಪ್ರೋಗ್ರಾಮ್ ಕೇಳಿದರೆ ವಿಂಡೋಸ್ ‘ನಾನು 6.2’ ಅಂತ ಸುಳ್ಳೇ ಹೇಳುತ್ತೆ.

ಇನ್ನೊಂದು ಕಡೆಯಿಂದ ಕಂಪೈಲರುಗಳು ಗೆರೆಯನ್ನು ಮುಂದಕ್ಕೆ ಎಳೆಯುತ್ತಾ ಬಂದವು. ವಿಷುಯಲ್ ಸಿ 2008ರಲ್ಲಿ ಕಟ್ಟಿದ್ದು 98ರಲ್ಲಿ ಓಡದು. 2012ರದ್ದು ಶುರುವಿನಲ್ಲಿ ಎಕ್ಸ್‌ಪಿಯನ್ನೂ ಬಿಟ್ಟುಬಿಟ್ಟಿತ್ತು. ಪ್ರೋಗ್ರಾಮಿನ ತಲೆಬರಹದಲ್ಲಿ ಒಂದು ಸಂಖ್ಯೆ ಹೆಚ್ಚಾಗಿದ್ದರೆ ಸಾಕು, ಎಕ್ಸ್‌ಪಿ ‘ಇದು ಸರಿಯಾದ ಪ್ರೋಗ್ರಾಮೇ ಅಲ್ಲ’ ಅಂತ ಹೊರಗೆ ಹಾಕುತ್ತಿತ್ತು. ತಂತ್ರಾಂಶ ಬರೆಯೋರು ಗಲಾಟೆ ಮಾಡಿದ ಮೇಲೆ ಅದೇ ವರ್ಷದ ನವೆಂಬರ್‌ನಲ್ಲಿ ಎಕ್ಸ್‌ಪಿಗೆ ದಾರಿ ಮಾಡಿಕೊಟ್ಟರು. ಎಕ್ಸ್‌ಪಿಯ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ.

ನಿಂತರೂ ಯಂತ್ರಗಳು ನಿಲ್ಲಲಿಲ್ಲ. ವಡೋದರಾದ ಸುತ್ತಲಿನ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿಯೋ ನಮ್ಮ ಕಡೆಯ ಇಂಜಿನಿಯರುಗಳನ್ನು ಕೇಳಿ ನೋಡಿ. ಉಪಕರಣದ ಜೊತೆ ಬಂದ ಕಂಪ್ಯೂಟರ್, ಅದರೊಳಗೆ ಒಂದು ವಿಶೇಷ ಕಾರ್ಡು, ಆ ಕಾರ್ಡಿನ ಡ್ರೈವರ್ ಎಕ್ಸ್‌ಪಿಗೆ ಮಾತ್ರ. ಉಪಕರಣ ಲಕ್ಷಗಟ್ಟಲೆಯದು, ಇನ್ನೂ ಚೆನ್ನಾಗಿದೆ. ಹೋಟೆಲ್ ಗಲ್ಲಾಗಳಲ್ಲಿ ಡಾಸ್ ಬಿಲ್ಲಿಂಗ್ ಇನ್ನೂ ಜೀವ ಹಿಡಿದುಕೊಂಡಿದ್ದದ್ದು ಒಂದು ಸಣ್ಣ ಉಪಾಯದಿಂದ. ಅದು ಪ್ರಿಂಟ್ ಕಳಿಸೋದು ಎಲ್‌ಪಿಟಿ1ಕ್ಕೆ, ಹೊಸ ಯಂತ್ರದಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಹಂಚಿ, ‘ನೆಟ್ ಯೂಸ್’ ಅಂತ ಒಂದು ಸಾಲು ಬರೆದು, ಅದೇ ಎಲ್‌ಪಿಟಿ1 ಅಂತ ನಂಬಿಸೋದು. ರಿಪೇರಿ ಹುಡುಗರಿಗೆ ಈ ಸಾಲು ಗಾಯತ್ರಿ ಮಂತ್ರದಷ್ಟು ಬಾಯಿಪಾಠ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಸೂರತ್‌ನ ಜವಳಿ ವ್ಯಾಪಾರಿಗಳು ದಿನಗಟ್ಟಲೆ ಅಂಗಡಿ ಮುಚ್ಚಿ ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಬಟ್ಟೆಯ ಮೇಲೆ ಹಾಕಿದ ಶೇಕಡಾ 5 ತೆರಿಗೆ ಅಂತ ಪತ್ರಿಕೆಗಳು ಬರೆದವು, ನಿಜವೇ. ಆದರೆ ತೆರಿಗೆಯಷ್ಟೇ ಹೆದರಿಸಿದ್ದು ಅದರ ಜೊತೆಗೆ ಬಂದ ಕಂಪ್ಯೂಟರ್ ಕೆಲಸ. ಸರ್ಕಾರ ಕೊಟ್ಟ ಆಫ್‌ಲೈನ್ ಉಪಕರಣಕ್ಕೆ ಕನಿಷ್ಠ ವಿಂಡೋಸ್ 7, ಎಕ್ಸೆಲ್ 2007 ಬೇಕಿತ್ತು. ಎಕ್ಸ್‌ಪಿಯಲ್ಲಿ ಕೂತ ಮೆಹತಾಜಿ ಒಂದೇ ರಾತ್ರಿಯಲ್ಲಿ ಗೆರೆಯ ಆಚೆಗೆ ಬಿದ್ದ. ಮೊದಲೇ ಮಾಮೂಲಿ ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಹೊಸ ಸುರಕ್ಷಿತ ತಾಣಗಳು ತೆರೆಯುತ್ತಿರಲಿಲ್ಲ, ಕ್ರೋಮ್ 2016ರಲ್ಲೇ ಎಕ್ಸ್‌ಪಿಗೆ ಕೈ ಎತ್ತಿತ್ತು. ಬರೀ ಒಂದು ಎಂಬಿಯ ಸೆಟಪ್ ಇಳಿಸಿಕೊಟ್ಟು ಉಳಿದದ್ದನ್ನು ಅಂತರ್ಜಾಲದಿಂದ ತಗೊಳ್ಳುತ್ತೇನೆ ಅನ್ನೋ ಪದ್ಧತಿ ಬಂದ ಮೇಲಂತೂ ಹಳೇ ಯಂತ್ರಗಳಿಗೆ ಕೇಡುಗಾಲ. ಪೂರ್ತಿ ಗಂಟನ್ನು ಒಂದೇ ಕಡತದಲ್ಲಿ ಕೊಡೋರು ಕಡಿಮೆಯಾದರು.

ಹಳೆಯದನ್ನು ಬಿಡೋರದ್ದೇ ತಪ್ಪು ಅಂತ ನಾನು ಹೇಳಲಾರೆ. ಜಿಎಸ್‌ಟಿಗೆ ಒಂದೂವರೆ ತಿಂಗಳು ಮುಂಚೆ, 2017ರ ಮೇ 12ಕ್ಕೆ, ವಾನ್ನಾಕ್ರೈ ಅನ್ನೋ ಮಾರಿ ಜಗತ್ತಿನ ಕಂಪ್ಯೂಟರುಗಳನ್ನು ಹಿಡಿದುಕೊಂಡಾಗ, ಸತ್ತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಕೊಡಬೇಕಾಯಿತು. ಬ್ಯಾಂಕುಗಳು ಎಟಿಎಮ್ಮುಗಳಲ್ಲಿನ ಹಳೇ ವಿಂಡೋಸನ್ನು 2019ರ ಜೂನ್ ಒಳಗೆ ತೆಗೆಯಬೇಕು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ್ದೂ ಸರಿಯೇ. ಹತ್ತು ವಿಂಡೋಸಿನಲ್ಲಿ ಪರೀಕ್ಷೆ ಮಾಡೋಕೆ ಹತ್ತು ಯಂತ್ರ, ಹತ್ತು ಪಟ್ಟು ಸಮಯ ಬೇಕು, ಅದನ್ನು ಕೊಡೋರು ಯಾರು? ನನ್ನ ತಕರಾರು ಬೇರೆ. ಹಳೇ ಯಂತ್ರದಲ್ಲಿ ಓಡೋ ಕೊನೇ ಆವೃತ್ತಿಯನ್ನು ತಾಣದ ಒಂದು ಮೂಲೆಯಲ್ಲಿ ಇಟ್ಟಿರೋದಕ್ಕೆ ಏನು ಖರ್ಚು? ಎಷ್ಟೋ ಕಂಪನಿಗಳು ಹೊಸದು ಬಂದ ದಿನವೇ ಹಳೆಯದನ್ನು ಅಳಿಸಿಹಾಕಿದವು. ಆ ಸೆಟಪ್ಪುಗಳು ಈಗ ಉಳಿದಿರೋದು ಯಾರದೋ ಕಪಾಟಿನ ಸೀಡಿಯಲ್ಲಿ.

ಇದು ಬರೀ ವ್ಯಾಪಾರದ ಮಾತೂ ಅಲ್ಲ. ನಮ್ಮ ಸಂಘದ ಹಳೇ ಸ್ಮರಣ ಸಂಚಿಕೆಗಳ ಕಡತಗಳು ಇರೋದು ಬರಹದ ಬಿಆರ್‌ಎಚ್ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಹಿರಿಯರ ನೆನಪಿನ ಲೇಖನಗಳ ಜಾಗದಲ್ಲಿ ಯುರೋಪಿನ ಅಕ್ಷರಗಳ ಸಂತೆ. ಅದನ್ನು ಬರೆದವರಲ್ಲಿ ಅರ್ಧ ಜನ ಈಗಿಲ್ಲ. ಯುನಿಕೋಡಿಗೆ ಪರಿವರ್ತಿಸೋ ಸೌಲಭ್ಯ ಬರಹದಲ್ಲೇ ಇತ್ತು, ಅದಕ್ಕೆ ಮೊದಲು ಬರಹ ಓಡಬೇಕು. ಹೀಗೆ ಒಂದೊಂದೇ ಕಡತ ಪರಿವರ್ತನೆ ಮಾಡೋದಕ್ಕೆ ಅಂತಲೇ ಒಂದು ಎಕ್ಸ್‌ಪಿ ಯಂತ್ರವನ್ನು, ನೆಟ್ ಸಂಪರ್ಕ ಕಿತ್ತು, ಇಟ್ಟುಕೊಂಡಿದ್ದೇವೆ. ಒತ್ತಕ್ಷರದ ಜೊತೆಗೆ ಅರ್ಕಾವೊತ್ತು ಬಂದ ಕಡೆಯೆಲ್ಲ ಒಮ್ಮೆ ಕಣ್ಣಿನಲ್ಲಿ ನೋಡಬೇಕು. ಇನ್ನೂ ನಾಲ್ಕು ವರ್ಷದ ಸಂಚಿಕೆಗಳು ಬಾಕಿ.

2020ರಲ್ಲಿ ಬಂದ ಟ್ಯಾಲಿಪ್ರೈಮ್ 64 ಬಿಟ್ ಕೇಳುತ್ತೆ. 2021ರ ವಿಂಡೋಸ್ 11 ಬಂದಿರೋದೇ 64 ಬಿಟ್ಟಿನಲ್ಲಿ ಮಾತ್ರ. ಡಾಸ್ ಪ್ರೋಗ್ರಾಮುಗಳನ್ನು ನೇರವಾಗಿ ಓಡಿಸಬಲ್ಲ 32 ಬಿಟ್ಟಿನ ಕೊನೆಯ ವಿಂಡೋಸ್ ಅಂದರೆ ವಿಂಡೋಸ್ 10. ಅದರ ಮಾಮೂಲಿ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ, ಆ ವರ್ಷದ ದೀಪಾವಳಿಗೆ ಒಂದು ವಾರ ಇರುವಾಗ. ಗುಜರಾತಿನಲ್ಲಿ ದೀಪಾವಳಿಗೆ ಚೋಪಡಾ ಪೂಜೆ. ನಮ್ಮ ಆಯುಧಪೂಜೆಯ ಹಾಗೆ, ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ ‘ಶುಭ’, ‘ಲಾಭ’ ಅಂತ ಬರೀತಾರೆ, ಈಗೀಗ ಕಂಪ್ಯೂಟರಿಗೂ ಹಚ್ಚುತ್ತಾರೆ. ಆ ಸಲವೂ ಅಹಮದಾಬಾದಿನಲ್ಲಿ ನನ್ನ ಪರಿಚಯದ ಒಂದು ಅಂಗಡಿಯಲ್ಲಿ ಮಾನಿಟರಿನ ಮೇಲೆ ಸ್ವಸ್ತಿಕ ಬಿದ್ದಿತ್ತು, ಒಳಗೆ ಫಾಕ್ಸ್‌ಪ್ರೋದ ನೀಲಿ ಪರದೆ ಓಡುತ್ತಿತ್ತು.